ಚೀನೀ ಕಷಾಯ ಕಾಯಿಸುವ ಮೊದಲು ನಿಮ್ಮ ಶೀತ ಯಾವುದು ಅಂತ ನೋಡಿ

ಶೀತ-ಜ್ವರಕ್ಕೆ ಚೀನೀ ವೈದ್ಯದಲ್ಲಿ ಎಲ್ಲರಿಗೂ ಒಂದೇ ಮದ್ದು ಅಂತ ಇಲ್ಲ. ಮೊದಲ ಪ್ರಶ್ನೆಯೇ ಚಳಿ ಜಾಸ್ತಿಯೋ, ಮೈಬಿಸಿ ಜಾಸ್ತಿಯೋ ಅನ್ನೋದು. ಮೈ ನಡುಗುತ್ತದೆ, ಬೆವರಿಲ್ಲ, ಮೂಗಲ್ಲಿ ನೀರಿನಂಥ ಸಿಂಬಳ, ಮೈಕೈ ನೋವು ಅಂದ್ರೆ ಅದು 'ಫೆಂಗ್ ಹಾನ್', ಗಾಳಿ-ಚಳಿ. ಜ್ವರ ಜೋರು, ಗಂಟಲು ಉರಿ, ಬಾಯಾರಿಕೆ, ಹಳದಿ ಕಫ ಇದ್ರೆ 'ಫೆಂಗ್ ರೆ', ಗಾಳಿ-ಬಿಸಿ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಗಾಳಿ-ಚಳಿಗೆ ಸುಲಭದ್ದು ಶುಂಠಿ ಮತ್ತು ಸ್ಪ್ರಿಂಗ್ ಆನಿಯನ್‌ನ ಬಿಳಿ ಭಾಗ. ಎರಡು ಲೋಟ ನೀರಿಗೆ ನಾಲ್ಕೈದು ಬಿಲ್ಲೆ ಶುಂಠಿ ಹಾಕಿ 5 ನಿಮಿಷ ಕುದಿಸಿ, ಆಮೇಲೆ ಸ್ಪ್ರಿಂಗ್ ಆನಿಯನ್‌ನ ಬಿಳಿ ಬುಡ ಮೂರ್ನಾಲ್ಕು ಹಾಕಿ ಇನ್ನೈದು ನಿಮಿಷ. ಬಿಸಿಬಿಸಿ ಕುಡಿದು ಹೊದ್ದು ಮಲಗಿ. ಬೆವರು ತೆಳ್ಳಗೆ ಬಂದರೆ ಸಾಕು, ಬಟ್ಟೆ ಒದ್ದೆ ಆಗುವಷ್ಟು ಬೇಡ. ಸುಮಾರು 1800 ವರ್ಷ ಹಿಂದೆ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯ ದಾಲ್ಚಿನ್ನಿ ಕಡ್ಡಿಯ ಕಷಾಯ ಕುಡಿದ ಮೇಲೆ ಬಿಸಿ ಗಂಜಿ ಕುಡಿಯಲು ಹೇಳಿದ್ದೂ ಇದಕ್ಕೇ.

ಗಾಳಿ-ಬಿಸಿಗೆ ಹೆಸರಾಂತದ್ದು ಯಿನ್ ಚಿಯಾವ್ ಎಂಬ ಗಿಡಮೂಲಿಕೆ ಮಿಶ್ರಣ. ಹನಿಸಕಲ್ ಮೊಗ್ಗು, ಫೋರ್ಸಿಥಿಯಾ ಕಾಯಿ ಅದರ ಮುಖ್ಯ ಮದ್ದು, ಜೊತೆಗೆ ಪುದೀನ ಮತ್ತು ಇನ್ನೂ ಹಲವು. ಪಾತ್ರೆ ಮಣ್ಣಿನದೋ ಗಾಜಿನದೋ ಇರಲಿ, ಕಬ್ಬಿಣ, ಅಲ್ಯೂಮಿನಿಯಂ ಬೇಡ. ಅರ್ಧ ಗಂಟೆ ನೆನೆಸಿ, ಹತ್ತು-ಹದಿನೈದು ನಿಮಿಷ ಮಾತ್ರ ಕುದಿಸಿ. ಪುದೀನ ಕೊನೇ 5 ನಿಮಿಷಕ್ಕೆ ಹಾಕಿ. ಜಾಸ್ತಿ ಕುದಿಸಿದರೆ ಗಮ್ಮನೆ ಬರುವ ವಾಸನೆಯೇ ಹಾರಿಹೋಗುತ್ತದೆ, ಮದ್ದಿರುವುದು ಅದರಲ್ಲೇ ಅನ್ನೋದು ಚೀನೀ ವೈದ್ಯರ ನಂಬಿಕೆ.

ಶೀತದ ಚೀನೀ ಕಷಾಯಗಳಲ್ಲಿ ಬಳಸುವ ಮಾ ಹುವಾಂಗ್ (ಎಫೆಡ್ರಾ ಗಿಡ) ಮಾತ್ರ ಸುಮ್ನೆ ಮುಟ್ಟಬೇಡಿ. ಅದರಲ್ಲಿ ಎಫೆಡ್ರಿನ್ ಇದೆ, ಎದೆಬಡಿತ, ಬಿಪಿ ಏರಿಸುತ್ತದೆ. ಅದಿರುವ ಆಹಾರ ಪೂರಕಗಳನ್ನು ಅಮೆರಿಕ 2004ರಲ್ಲೇ ನಿಷೇಧಿಸಿತು. ಅತಿಮಧುರವೂ ದಿನಗಟ್ಟಲೆ ಕುಡಿದರೆ ಬಿಪಿ ಏರಿ, ಪೊಟ್ಯಾಸಿಯಂ ಇಳಿಯುತ್ತದೆ. ಬಸುರಿಯರು, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಯಾವುದನ್ನೂ ಕುಡಿಯಬಾರದು.

ಇವು ಫ್ಲೂ ವೈರಸ್ ಕೊಲ್ಲುತ್ತವೆ ಅಂತ ಗಟ್ಟಿ ಪುರಾವೆ ಇಲ್ಲ. ಗಂಟಲಿಗೆ ಹಿತ, ಅಷ್ಟು ಅಂದ್ಕೊಳ್ಳಿ. ಉಸಿರಾಡಲು ಕಷ್ಟ, ಎದೆನೋವು, ತುಟಿ ನೀಲಿಯಾದರೆ ಒಲೆ ಆರಿಸಿ ಆಸ್ಪತ್ರೆಗೆ ಓಡಿ. ವಯಸ್ಸಾದವರು, ಚಿಕ್ಕ ಮಕ್ಕಳು, ಆಸ್ತಮಾ ಇರುವವರಿಗೆ ಫ್ಲೂ ಅನ್ನಿಸಿದರೆ ಮೊದಲ ದಿನವೇ ವೈದ್ಯರ ಹತ್ತಿರ ಹೋಗಿ, ಯಾಕಂದ್ರೆ ಫ್ಲೂ ವೈರಸ್ ತಡೆಯುವ ಓಸೆಲ್ಟಾಮಿವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡೋದು 48 ಗಂಟೆ ಒಳಗೆ ಶುರು ಮಾಡಿದರೆ.