ತೇವದ ಕೊರತೆಯಲ್ಲಿ ಮೊಳಕೆಯನ್ನು ಉಳಿಸಿಕೊಳ್ಳುವ ಬಗೆ

ಕಡೂರು, ಅರಸೀಕೆರೆ ಸೀಮೆಯ ಖುಷ್ಕಿ (ಮಳೆಯನ್ನೇ ನಂಬಿದ) ಹೊಲಗಳಲ್ಲಿ ರಾಗಿ, ಹೆಸರು, ಅಲಸಂದೆ ಬಿತ್ತುವವರು ಪೂರ್ತಿ ಒಣಗಿದ ಮಣ್ಣಿಗಿಂತ ಅರೆಬರೆ ನೆನೆದ ಮಣ್ಣಿಗೆ ಹೆಚ್ಚು ಅಂಜಬೇಕು. ಒಣ ಮಣ್ಣಿನಲ್ಲಿ ಬೀಜವು ಇರುವೆ, ಹಕ್ಕಿಗಳ ಪಾಲಾಗದಿದ್ದರೆ ಮುಂದಿನ ಮಳೆಯವರೆಗೆ ಕಾಯಬಲ್ಲದು. ಆದರೆ ಅಲ್ಪ ತೇವದಲ್ಲಿ ಒಮ್ಮೆ ಬೇರಿನ ಕುಡಿ ಹೊರಬಂದಿತೆಂದರೆ, ಒಣಗಿಯೂ ಬದುಕುವ ಶಕ್ತಿಯನ್ನು ಬೀಜವು ಬೇಗನೆ ಕಳೆದುಕೊಳ್ಳುತ್ತದೆ.

ಮೊಳೆಯುವ ಮುನ್ನ ಮೆಕ್ಕೆಜೋಳವು ತನ್ನ ತೂಕದ ಸುಮಾರು ಶೇ. 30ರಷ್ಟು, ಸೋಯಾಅವರೆಯು ಸುಮಾರು ಶೇ. 50ರಷ್ಟು ನೀರನ್ನು ಹೀರಬೇಕು. ನೀರು ಒಳಸೇರಿದ ಮೇಲೆ ಏಕದಳ ಧಾನ್ಯಗಳಲ್ಲಿ ಜಿಬ್ಬರೆಲಿನ್ ಎಂಬ ಹಾರ್ಮೋನಿನ ಪ್ರೇರಣೆಯಿಂದ ಅಮೈಲೇಸ್ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆದು ಭ್ರೂಣಕ್ಕೆ ಉಣಿಸುತ್ತದೆ. ಮಣ್ಣು ಒಣಗಿದಷ್ಟೂ ಕಣಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಈ ಕ್ರಿಯೆಗಳೆಲ್ಲ ನಿಧಾನವಾಗಿ, ಮೊಳಕೆಯು ತಡವಾಗಿ, ಹೆಚ್ಚುಕಡಿಮೆಯಾಗಿ ಏಳುತ್ತದೆ. ಮೊಳಕೆಯ ಸಂಖ್ಯೆ ಕುಸಿಯುವುದಕ್ಕಿಂತಲೂ ಈ ಏರುಪೇರೇ ದೊಡ್ಡ ನಷ್ಟವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಹಿಂದುಳಿದ ಸಸಿಗಳು ಕಳೆಯೊಡನೆ ಸೆಣಸಲಾರವು.

ಮೊದಲು 100 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಪರೀಕ್ಷಿಸಿ. ರಾಗಿಯ ಪ್ರಮಾಣಿತ ಬೀಜಕ್ಕೆ ಕನಿಷ್ಠ ಶೇ. 75 ಮೊಳಕೆ ಇರಬೇಕೆಂಬುದು ನಿಯಮ. ಅದಕ್ಕಿಂತ ಕಡಿಮೆ ಬಂದ ಬೀಜವನ್ನು ಬರದ ವರ್ಷದಲ್ಲಿ ನಂಬಬೇಡಿ.

ಅನಂತರ ಬೀಜವನ್ನು ಗಡುಸುಗೊಳಿಸಿ. ಒಂದು ಕಿಲೋ ರಾಗಿಯನ್ನು ಒಂದು ಲೀಟರ್ ನೀರಿನಲ್ಲಿ ಆರು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿಡಬೇಕು. ಸುಮಾರು ಎರಡು ದಿನಗಳಲ್ಲಿ ಮೊಳೆಯುವ ಮೊದಲ ಸೂಚನೆ ಕಾಣುತ್ತದೆ. ಆಗಾಗ ಬಿಚ್ಚಿ ನೋಡುತ್ತಿದ್ದು, ಬೇರು ನೀಳವಾಗಲು ಬಿಡದೆ ತೆಗೆದು, ಬೀಜವು ಮೊದಲಿನ ಒಣಸ್ಥಿತಿಗೆ ಬರುವವರೆಗೆ ನೆರಳಿನಲ್ಲಿ ಹರಡಬೇಕು. ಹೀಗೆ ಒಳಗಿನ ಸಿದ್ಧತೆಯನ್ನು ಅರ್ಧ ಮುಗಿಸಿಕೊಂಡ ಬೀಜವು ಹೊಲದ ತೇವ ಆರುವ ಮುನ್ನವೇ ಬೇರೂರುತ್ತದೆ. ಔಷಧ ಲೇಪಿಸಿದ ಬೀಜವನ್ನು ನೆನೆಸಬಾರದು. ಬೀಜೋಪಚಾರವೇನಿದ್ದರೂ ಒಣಗಿಸಿದ ನಂತರ.

ಬಿತ್ತುವ ದಿನ ಮೇಲ್ಮಣ್ಣನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ. ಗೇಣುದ್ದ ಆಳದಿಂದ ಮಣ್ಣು ತೆಗೆದು ಹಿಡಿಯಲ್ಲಿ ಅದುಮಿದಾಗ ಉಂಡೆ ನಿಲ್ಲಬೇಕು, ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು, ಅದೇ ಹದ. ಮರಳು ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಉಂಡೆ ಅಷ್ಟು ಗಟ್ಟಿಯಾಗಿ ನಿಲ್ಲದೆಂಬುದನ್ನು ನೆನಪಿಡಿ. ಹದವಿದ್ದಾಗ ರಾಗಿಯನ್ನು ಕೂರಿಗೆಯಿಂದ 2–3 ಸೆಂ.ಮೀ., ಹೆಸರನ್ನು 4–5 ಸೆಂ.ಮೀ. ಆಳಕ್ಕೆ ಬಿತ್ತಿ, ಮಣ್ಣು ಬೀಜಕ್ಕೆ ಅಂಟುವಂತೆ ಕೊರಡು ಎಳೆಯಿರಿ. ಬಿತ್ತಿದ ಮೇಲೆ ರಭಸದ ಮಳೆ ಸುರಿದು ಬಿಸಿಲೇರಿದರೆ ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ. ಆಗ ಮುಳ್ಳುಕೊಂಬೆಯನ್ನು ಹಗುರವಾಗಿ ಎಳೆದು ಆ ಪದರವನ್ನು ಒಡೆಯಬೇಕು.