ಕಾಕತಾಳೀಯದ, ಅಂದರೆ ಆಕಸ್ಮಿಕಗಳ ಮೇಲೆ ನಿಂತ ನಾಟಕ ನೋಡಲು ಹೊರಟಿದ್ದೀರಾ?

ನಾಟಕೋತ್ಸವದ ಪುಟ್ಟ ರಂಗಮಂದಿರಗಳಲ್ಲಿ ಸೀಟ್ ನಂಬರ್ ಇರುವುದು ಕಡಿಮೆ. 20 ನಿಮಿಷ ಮೊದಲೇ ಹೋಗಿ. ಬಾಗಿಲು ರಂಗದ ಪಕ್ಕದಲ್ಲೇ ಇದ್ದರೆ ತಡವಾಗಿ ಬಂದವರನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಎರಡನೆಯ ಸಾಲು ಒಳ್ಳೆಯದು. ಮೊದಲ ಸಾಲಿನಲ್ಲಿ ಕೂತರೆ ರಂಗದ ಎರಡೂ ಬದಿ ಒಟ್ಟಿಗೆ ಕಣ್ಣಿಗೆ ಸಿಗುವುದಿಲ್ಲ.

ಇಂಥ ನಾಟಕದ ಜೀವ ಮೊದಲ ಹತ್ತು ನಿಮಿಷದಲ್ಲಿದೆ. ಯಾರೋ ಬೆಂಚಿನ ಮೇಲೆ ಮರೆತ ಕೊಡೆ, ತಪ್ಪಿ ಬಂದ ಫೋನ್ ಕರೆ: ಇಟ್ಟವರು ಯಾರು, ಎತ್ತಿಕೊಂಡವರು ಯಾರು ಎಂದು ಗಮನಿಸಿ. ಒಬ್ಬನೇ ನಟ ಶಾಲು ಬದಲಿಸಿ ಇನ್ನೊಂದು ಪಾತ್ರವಾದರೆ, ನಟರ ಕೊರತೆ ಎಂದು ತಳ್ಳಿಹಾಕಬೇಡಿ. ಎಷ್ಟೋ ಸಲ ಸುಳಿವು ಅಲ್ಲೇ ಇರುತ್ತದೆ. ಕರಪತ್ರದ ಕಥಾಸಾರವನ್ನು ಮಾತ್ರ ನಾಟಕ ಮುಗಿದ ಮೇಲೆ ಓದಿ. ಕಾಗೆ ಕೂತಾಗಲೇ ಕೊಂಬೆ ಮುರಿದದ್ದು ಆಕಸ್ಮಿಕವೇ, ಇಲ್ಲ ಹಣೆಬರಹವೇ ಎಂಬ ಅನುಮಾನ ಮೊದಲೇ ಬಗೆಹರಿದರೆ ಟಿಕೆಟ್ ದಂಡ.