ಮಗಳನ್ನು ಮುಂದಕ್ಕೆ ತಿರುಗಿಸದೇ ಗೆದ್ದೆ

"ಕಾಲು ಮಡಚಿಕೊಂಡು ಕೂತಿದೆ ಪಾಪ, ಮುಂದಕ್ಕೆ ತಿರುಗಿಸೋ" ಅಂತ ಕಾರಿನ ಮಕ್ಕಳ ಸೀಟಿನಲ್ಲಿ ಹಿಮ್ಮುಖವಾಗಿ ಕೂತ ಮಗಳನ್ನು ನೋಡಿ ಅಮ್ಮ ಹೇಳಿದರು. ಮಾವನವರೂ ಹೇಳಿದರು. ನಾನು ತಿರುಗಿಸಲಿಲ್ಲ. ಮಗಳಿಗೆ ಈಗ ಮೂರೂವರೆ ವರ್ಷ. ಇವತ್ತಿಗೂ ಹಿಂದಿನ ಗಾಜಿನ ಕಡೆ ಮುಖ ಮಾಡಿಯೇ ಕೂರುತ್ತಾಳೆ. ಕಾಲು ನೋವು ಅಂತ ಒಂದು ದಿನವೂ ಅಂದಿಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಎರಡು ಸೀಟಿನ ದುಡ್ಡು ಹೋಯಿತು. ಮೊದಲನೆಯದನ್ನು ಬಟ್ಟೆ ಮೆತ್ತಗಿದೆ ಅಂತ ತಂದಿದ್ದೆ. ಕಾರಿನಲ್ಲಿಟ್ಟರೆ ಮುಂದಿನ ಸೀಟನ್ನೇ ತಳ್ಳಿತು, ಹೆಂಡತಿಯ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತು. ಎರಡನೆಯದು ಐಸೋಫಿಕ್ಸ್, ಅಂದರೆ ಕಾರಿನ ಕೊಂಡಿಗಳಿಗೇ ಸಿಕ್ಕಿಸುವಂಥದ್ದು; ಕಾರಿನ ನೆಲಕ್ಕೆ ಊರುವ ಸಪೋರ್ಟ್ ಲೆಗ್ ಇದ್ದದ್ದು. ಕ್ಲಿಕ್ ಅಂತ ಕೂತಿತು, ಹಸಿರು ಗುರುತೂ ಬಂತು. ಆಮೇಲೆ ನೆಲ ತಟ್ಟಿ ನೋಡಿದರೆ ಟೊಳ್ಳು ಸದ್ದು! ಆ ಕಾಲು ನಿಂತಿದ್ದು ನೆಲದಡಿಯ ಸಾಮಾನಿನ ಗೂಡಿನ ಮುಚ್ಚಳದ ಮೇಲೆ. ಕಾರು ಎಲ್ಲಾದರೂ ಗುದ್ದಿದರೆ ಮುಚ್ಚಳ ಕುಸಿಯಬಹುದು. ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಮಾರಿದೆ. ಅದು ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಮೂರನೆಯದನ್ನು ನಮ್ಮ ಕಾರಿನಲ್ಲೇ ಕೂರಿಸಿ ನೋಡಿ ಕೊಂಡೆ. ಕಾಲಿಲ್ಲದ್ದು, ಕಾರಿನ ಬೆಲ್ಟಿನಿಂದ ಬಿಗಿಯುವಂಥದ್ದು. ಮೊದಲ ದಿನ ಆರೇಳು ಸಲ ಬಿಚ್ಚಿ ಕಟ್ಟಿದೆ, ಮುಕ್ಕಾಲು ಗಂಟೆಯೇ ಹಿಡಿದಿರಬೇಕು. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಎರಡೂವರೆ ಸೆಂಟಿಮೀಟರ್ ಒಳಗೇ ಇರಬೇಕು, ಅಲ್ವಾ? ನನ್ನದು ಬೆರಳಗಲವೂ ಕದಲಲ್ಲ. ಈಗ ಐದು ನಿಮಿಷದ ಕೆಲಸ.

ನಡುವೆ ಇನ್ನೊಂದು ಪರೀಕ್ಷೆ ಮಾಡಿದೆ. ದಪ್ಪ ಜಾಕೆಟ್ ಹಾಕಿಸಿ ಭುಜದ ಪಟ್ಟಿ ಬಿಗಿದೆ. ಚೆನ್ನಾಗಿ ಬಿಗಿದಂತೆಯೇ ಕಂಡಿತು. ಪಟ್ಟಿಯನ್ನು ಸಡಿಲಿಸದೆ ಬಕಲ್ ಬಿಚ್ಚಿ, ಜಾಕೆಟ್ ತೆಗೆದು ಮತ್ತೆ ಹಾಕಿದೆ. ಪಟ್ಟಿಯ ಕೆಳಗೆ ನನ್ನ ನಾಲ್ಕು ಬೆರಳು ನುಗ್ಗಿತು! ಅವತ್ತಿನಿಂದ ಜಾಕೆಟ್ ತೆಗೆದೇ ಕೂರಿಸೋದು. ಚಳಿಯಾದರೆ ಪಟ್ಟಿ ಬಿಗಿದ ಮೇಲೆ ಹೊದಿಕೆ. ಹೆಗಲ ಮೂಳೆಯ ಹತ್ತಿರ ಪಟ್ಟಿಯನ್ನು ಚಿವುಟಿದರೆ ಮಡಿಕೆ ಸಿಗಬಾರದು, ಅಷ್ಟೇ.

ಮಕ್ಕಳ ಕಾರ್ ಸೀಟಿಗಿರುವ ವಿಶ್ವಸಂಸ್ಥೆಯ ಸುರಕ್ಷತಾ ನಿಯಮ ಆರ್ 129ರಲ್ಲಿ 15 ತಿಂಗಳು ದಾಟುವವರೆಗೆ ಹಿಮ್ಮುಖ ಅಂತಿದೆ. ಅದು ಕನಿಷ್ಠ ಮಾತ್ರ. 16ನೇ ತಿಂಗಳಿಗೇ ತಿರುಗಿಸುವವರನ್ನು ಕಂಡರೆ ಸಂಕಟವಾಗುತ್ತೆ. ಆ ತಲೆಯ ಭಾರ ಆ ಕತ್ತಿಗೆ ಜಾಸ್ತಿ. ಹಿಮ್ಮುಖವಾಗಿದ್ದರೆ ಮುಂದಿನಿಂದ ಬೀಳುವ ಹೊಡೆತವನ್ನು ಬೆನ್ನ ಹಿಂದಿನ ಸೀಟು ಹೊರುತ್ತೆ.

ಹಿಮ್ಮುಖವಾಗಿ ಕೂರಿಸಿದಾಗ ಮಗಳ ಅಳು ನಿಲ್ಲಿಸಿದ್ದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ಕಿಟಕಿ ಪಕ್ಕದ ಜಾಗ ಅರ್ಧ ಕೆಲಸ ಮಾಡಿತು. ಉಳಿದರ್ಧ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈ ಸೀಟಿನ ಮಿತಿ 105 ಸೆಂಟಿಮೀಟರ್. ಬಾಗಿಲ ಚೌಕಟ್ಟಿನಲ್ಲಿ ಆ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಹೋದ ಭಾನುವಾರ ನಿಲ್ಲಿಸಿ ನೋಡಿದೆ. ಇನ್ನೂ ಏಳು ಸೆಂಟಿಮೀಟರ್ ಇದೆ.